ಗಣಕದಲ್ಲಿನ ಕನ್ನಡ ಪಠ್ಯ ಮತ್ತು ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು

ವಿಕಲಚೇತನ ಮಕ್ಕಳ ಶಿಕ್ಷಣದ ಸೌಲಭ್ಯಗಳೆಂದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುದು ಶಾಲೆಯ ಮುಂದಿನ ಇಳಿಜಾರು ದಾರಿ, ಹಿಡಿಕಂಬಿ, ಗಾಲಿಕುರ್ಚಿ ಮತ್ತು ಸೂಕ್ತ ಶೌಚಾಲಯ. ಇವು ಅಗತ್ಯವಾದವು ಮತ್ತು ಕಣ್ಣಿಗೆ ಕಾಣುವಂಥವು. ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಎದುರಾಗುವ ಅಡೆತಡೆಯಾದರೋ ಬೇರೆ ಬಗೆಯದು. ಪಠ್ಯಪುಸ್ತಕ, ಟಿಪ್ಪಣಿ, ಸುತ್ತೋಲೆ, ಅರ್ಜಿ ನಮೂನೆ ಎಲ್ಲವೂ ಕಡತಗಳ ರೂಪದಲ್ಲಿ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತಿದ್ದರೂ, ಆ ಕಡತದೊಳಗೆ ಕನ್ನಡ ಅಕ್ಷರಗಳನ್ನು ಯಾವ ವಿಧಾನದಲ್ಲಿ ದಾಖಲಿಸಲಾಗಿದೆ ಎಂಬುದರ ಮೇಲೆ ಆ ವಿದ್ಯಾರ್ಥಿ ಅದನ್ನು ಓದಬಲ್ಲನೇ ಇಲ್ಲವೇ ಎಂಬುದು ನಿರ್ಧಾರವಾಗುತ್ತದೆ. ಈ ವಿಷಯವನ್ನು ಶಿಕ್ಷಕರು, ಗ್ರಾಮ ಪಂಚಾಯಿತಿ ಸಿಬ್ಬಂದಿ, ಪೋಷಕರು ಹಾಗೂ ಸಾರ್ವಜನಿಕರು ಅರಿತಿರುವುದು ಅವಶ್ಯಕವಾಗಿರುತ್ತದೆ.

ಕೂಟಗಲ್ ಹೋಬಳಿಯ ಸಂದರ್ಭದಲ್ಲಿ

ರಾಮನಗರ ತಾಲ್ಲೂಕಿನ ಹೋಬಳಿಗಳಲ್ಲಿ ಕೂಟಗಲ್ ಒಂದಾಗಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ಈ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ರಾಜ್ಯ ಸಚಿವ ಸಂಪುಟವು 2025ರ ಮೇ ತಿಂಗಳಿನಲ್ಲಿ ಒಪ್ಪಿಗೆ ನೀಡಿತು. ರೇಷ್ಮೆ, ರಾಗಿ, ಹೈನುಗಾರಿಕೆಗಳನ್ನು ನಂಬಿರುವ ಇಂಥ ಹೋಬಳಿಯಲ್ಲಿ ದೃಷ್ಟಿದೋಷವುಳ್ಳ ಮಕ್ಕಳು ಒಂದು ಗ್ರಾಮದಲ್ಲಿ ಒಬ್ಬರು, ಮತ್ತೊಂದು ಗ್ರಾಮದಲ್ಲಿ ಇಬ್ಬರು ಎಂಬಂತೆ ಚದುರಿಕೊಂಡಿರುತ್ತಾರೆ. ಪ್ರತಿ ಗ್ರಾಮಕ್ಕೂ ವಿಶೇಷ ಶಾಲೆಯನ್ನು ತೆರೆಯುವುದು ಸಾಧ್ಯವಿಲ್ಲ. ಮಗುವನ್ನು ದೂರದ ವಸತಿ ಶಾಲೆಗೆ ಕಳುಹಿಸಬೇಕು, ಇಲ್ಲವೇ ಊರಿನ ಶಾಲೆಯಲ್ಲಿಯೇ ಉಳಿದ ಮಕ್ಕಳೊಡನೆ ಓದಿಸಬೇಕು. ಎರಡನೆಯ ಮಾರ್ಗವನ್ನು ಆರಿಸಿಕೊಂಡ ಕುಟುಂಬಕ್ಕೆ ಮಗು ತಾನಾಗಿಯೇ ಓದಿಕೊಳ್ಳಬಲ್ಲ ಪುಸ್ತಕ ಬೇಕಾಗುತ್ತದೆ.

2011ರ ಜನಗಣತಿಯನ್ವಯ ಕರ್ನಾಟಕದಲ್ಲಿ 13,24,205 ವಿಕಲಚೇತನ ವ್ಯಕ್ತಿಗಳಿದ್ದು, ಅವರಲ್ಲಿ ದೃಷ್ಟಿಗೆ ಸಂಬಂಧಿಸಿದ ನ್ಯೂನತೆಯುಳ್ಳವರು 2,64,170 ಮಂದಿ. ದೃಷ್ಟಿದೋಷವೆಂದರೆ ಸಂಪೂರ್ಣ ಅಂಧತ್ವವೆಂದೇ ತಿಳಿಯಬಾರದು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಅಂಧತ್ವ ಮತ್ತು ಮಂದದೃಷ್ಟಿಯನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಮಂದದೃಷ್ಟಿಯುಳ್ಳ ಮಗು ದೊಡ್ಡ ಅಕ್ಷರಗಳನ್ನು ಕಣ್ಣಿನಿಂದಲೇ ಓದಬಲ್ಲದು. ಆದರೆ ಮೊಬೈಲ್ ದೂರವಾಣಿಯಲ್ಲಿ ತೆಗೆದ ಪುಟದ ಛಾಯಾಚಿತ್ರವನ್ನು ಹಿಗ್ಗಿಸಿದಷ್ಟೂ ಅಕ್ಷರಗಳು ಮಸುಕಾಗುತ್ತವೆ ಮತ್ತು ಸಾಲುಗಳು ಪರದೆಯ ಅಂಚಿನಿಂದ ಹೊರಗೆ ಹೋಗುತ್ತವೆ. ನಿಜವಾದ ಪಠ್ಯವಾದರೆ ಅಕ್ಷರ ದೊಡ್ಡದಾದಂತೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ.

ಬ್ರೈಲ್ ಲಿಪಿಯಲ್ಲಿ ಕನ್ನಡ

ಅಂಧ ಹಾಗೂ ಕಿವುಡ ಮಕ್ಕಳ ಶಿಕ್ಷಣಕ್ಕೆ ಕರ್ನಾಟಕದಲ್ಲಿ ದೀರ್ಘ ಇತಿಹಾಸವಿದೆ. ಮೈಸೂರಿನಲ್ಲಿ ಇಂತಹ ಮಕ್ಕಳ ಶಾಲೆಯು 1901ರಲ್ಲಿಯೇ ಆರಂಭವಾಯಿತು. ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಅದೇ ನಗರದಲ್ಲಿದೆ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದ ಬ್ರೈಲ್ ಇರಬೇಕೆಂಬ ಉದ್ದೇಶದಿಂದ 1951ರಲ್ಲಿ ಭಾರತೀ ಬ್ರೈಲ್ ಅನ್ನು ಅಂಗೀಕರಿಸಲಾಯಿತು. ಅದರಂತೆ ಆರು ಚುಕ್ಕಿಗಳ ಮನೆಯಲ್ಲಿ ಮೊದಲನೆಯ ಚುಕ್ಕಿ ಮಾತ್ರ ಉಬ್ಬಿದ್ದರೆ ಅದು 'ಅ', ಒಂದು ಮತ್ತು ಮೂರನೆಯ ಚುಕ್ಕಿಗಳು ಉಬ್ಬಿದ್ದರೆ 'ಕ'.

ಈ ಲಿಪಿಯ ಒಂದು ಗುಣವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕಾಗಿದೆ. ಮುದ್ರಿತ ಕನ್ನಡದಲ್ಲಿ ಒತ್ತಕ್ಷರವು ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲೆ ಅಥವಾ ಬಲಕ್ಕೆ ಅಂಟಿಕೊಳ್ಳುತ್ತದೆ. ಬ್ರೈಲ್‌ನಲ್ಲಿ ಇಂತಹ ಮೇಲು ಕೆಳಗು ಇರುವುದಿಲ್ಲ. ನಾಲಿಗೆ ಯಾವ ಕ್ರಮದಲ್ಲಿ ಉಚ್ಚರಿಸುತ್ತದೆಯೋ ಅದೇ ಕ್ರಮದಲ್ಲಿ ಅಕ್ಷರಗಳು ಒಂದರ ಪಕ್ಕ ಒಂದರಂತೆ ಸಾಲಾಗಿ ನಿಲ್ಲುತ್ತವೆ. 'ಕನ್ನಡ' ಎಂಬ ಪದಕ್ಕೆ ಐದು ಮನೆಗಳು ಬೇಕು: ಕ, ಸಂಯುಕ್ತಾಕ್ಷರವನ್ನು ಸೂಚಿಸುವ ಚಿಹ್ನೆ, ನ, ನ, ಡ. ಬೆರಳು ಓದುವುದು ಅಕ್ಷರದ ಆಕಾರವನ್ನಲ್ಲ, ಅದರ ಧ್ವನಿಯನ್ನು.

ಬ್ರೈಲ್ ಪುಸ್ತಕಗಳ ತೊಡಕು ಅವುಗಳ ಗಾತ್ರ ಮತ್ತು ತಯಾರಿಕೆಗೆ ತಗಲುವ ಕಾಲ. ಮುದ್ರಣದ ಒಂದು ಪುಸ್ತಕವು ದಪ್ಪ ಕಾಗದದ ಹಲವು ಸಂಪುಟಗಳಾಗುತ್ತದೆ. ಶಾಲೆ ತೆರೆದ ಬಳಿಕ ಪಠ್ಯ ಬದಲಾದರೆ ಹೊಸ ಬ್ರೈಲ್ ಪ್ರತಿ ಸಿದ್ಧವಾಗಿ ಹಳ್ಳಿಯ ಶಾಲೆಗೆ ತಲುಪುವುದಕ್ಕೆ ಮತ್ತಷ್ಟು ತಿಂಗಳುಗಳು ಬೇಕು. ಆದುದರಿಂದ ಧ್ವನಿಯ ಮೂಲಕ ಓದುವ ವಿಧಾನವು ಬ್ರೈಲ್‌ಗೆ ಪೂರಕವಾಗಿ ಬಳಕೆಗೆ ಬಂದಿದೆ. ಬ್ರೈಲ್ ಕಲಿಕೆಯನ್ನು ಇದು ಅನಾವಶ್ಯಕಗೊಳಿಸುತ್ತದೆಂಬ ಅಭಿಪ್ರಾಯ ಸರಿಯಲ್ಲ. ಕೇಳಿ ಮಾತ್ರ ಕಲಿತ ಮಗುವಿಗೆ ಕಾಗುಣಿತದ ಪರಿಚಯವಾಗುವುದು ಕಷ್ಟ.

ಪರದೆ ಓದುವ ತಂತ್ರಾಂಶ

ಗಣಕಯಂತ್ರ ಅಥವಾ ಮೊಬೈಲ್ ಪರದೆಯ ಮೇಲಿರುವ ಪಠ್ಯವನ್ನು ಧ್ವನಿಯಾಗಿ ಪರಿವರ್ತಿಸಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಇವುಗಳಲ್ಲಿ ಎನ್.ವಿ.ಡಿ.ಎ. ಎಂಬುದನ್ನು ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭಿಸಲಾಯಿತು. ಇದನ್ನು ಉಚಿತವಾಗಿ ಪಡೆಯಬಹುದಾಗಿದ್ದು, ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶದ ನೆರವಿನಿಂದ ಕನ್ನಡವನ್ನೂ ಓದುತ್ತದೆ. ಆ ಧ್ವನಿ ಯಂತ್ರದ ಧ್ವನಿಯಂತೆಯೇ ಇರುತ್ತದೆ, ಮೊದಲ ಬಾರಿ ಕೇಳುವವರಿಗೆ ಅರ್ಥವಾಗದಿರಲೂಬಹುದು. ಆದರೆ ರೂಢಿಯಾದ ವಿದ್ಯಾರ್ಥಿಗಳು ಅದನ್ನು ಮಾತಿಗಿಂತ ಹೆಚ್ಚು ವೇಗದಲ್ಲಿ ಓಡಿಸಿ ಕೇಳುತ್ತಾರೆ. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದ್ದು, ಕನ್ನಡದ ಧ್ವನಿಯನ್ನು ಅಳವಡಿಸಿಕೊಳ್ಳಬಹುದಾಗಿದೆ. ರಾಜ್ಯ ಸರ್ಕಾರವು ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಒದಗಿಸುವ ಯೋಜನೆಯನ್ನೂ ಜಾರಿಗೊಳಿಸಿದೆ.

ಉಪಕರಣ ದೊರೆತ ಮಾತ್ರಕ್ಕೆ ಓದು ದೊರೆತಂತಾಗುವುದಿಲ್ಲ. ಯಂತ್ರವು ಓದುವುದು ಪರದೆಯ ಮೇಲಿನ ಆಕಾರಗಳನ್ನಲ್ಲ, ಅವುಗಳ ಹಿಂದೆ ದಾಖಲಾಗಿರುವ ಸಂಕೇತಗಳನ್ನು.

ಅಕ್ಷರದ ಹಿಂದಿರುವ ಸಂಕೇತ

ಗಣಕಯಂತ್ರಗಳು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬಲ್ಲ ಕಾಲದಲ್ಲಿ ಕನ್ನಡವನ್ನು ಅವುಗಳಲ್ಲಿ ಮೂಡಿಸಲು ಒಂದು ಉಪಾಯವನ್ನು ಅನುಸರಿಸಲಾಯಿತು. ಇಂಗ್ಲಿಷ್ ಮತ್ತು ಯೂರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಬಿಡಿ ಆಕಾರಗಳನ್ನು ಕೂರಿಸಿ ಅಕ್ಷರ ಶೈಲಿಗಳನ್ನು, ಅಂದರೆ ಫಾಂಟ್‌ಗಳನ್ನು ರೂಪಿಸಲಾಯಿತು. 1998ರಲ್ಲಿ ಬಂದ ಬರಹ, ಆನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶಗಳು ಈ ಮಾರ್ಗದಿಂದ ಕಚೇರಿ, ಮುದ್ರಣಾಲಯ ಮತ್ತು ಶಾಲೆಗಳಿಗೆ ಕನ್ನಡವನ್ನು ತಲುಪಿಸಿದವು. ಅವು ಇಲ್ಲದಿದ್ದರೆ ಆಡಳಿತದಲ್ಲಿ ಗಣಕದ ಕನ್ನಡವೇ ಇರುತ್ತಿರಲಿಲ್ಲ ಎಂಬುದನ್ನು ಮರೆಯಲಾಗದು. ಮುಂದಿನ ಆವೃತ್ತಿಗಳಲ್ಲಿ ಎರಡೂ ತಂತ್ರಾಂಶಗಳು ಯೂನಿಕೋಡ್ ಅನ್ನೂ ಅಳವಡಿಸಿಕೊಂಡವು. ಹಳೆಯ ವಿಧಾನದಲ್ಲಿ ಬೆರಳಚ್ಚು ಮಾಡುವ ರೂಢಿ ಮಾತ್ರ ಪೂರ್ತಿಯಾಗಿ ಹೋಗಿಲ್ಲ.

ಹಳೆಯ ವಿಧಾನದಲ್ಲಿ 'ಕನ್ನಡ' ಎಂದು ಬೆರಳಚ್ಚು ಮಾಡಿದಾಗ ಕಡತದೊಳಗೆ ದಾಖಲಾಗುವುದು ಏಳು ಚಿಹ್ನೆಗಳು. ಮೊದಲನೆಯದು ಇಂಗ್ಲಿಷಿನ ಪಿ. ಅದರ ಮುಂದೆ ತಲೆಯ ಮೇಲೆ ಗೀಟು ಹೊತ್ತ ಎ, ಅದು ಕನ್ನಡದ ತಲಕಟ್ಟು. ಬಳಿಕ ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಅದು 'ನ'ಕಾರದ ಒಡಲು. ಮತ್ತೊಂದು ತಲಕಟ್ಟು, ನಂತರ ಜರ್ಮನ್ ಭಾಷೆಯ ಒಂದು ಅಕ್ಷರ, ಅದು 'ನ'ಒತ್ತು. ಕಡೆಗೆ ಕ್ಯೂ ಮತ್ತು ಇನ್ನೊಂದು ತಲಕಟ್ಟು. ಆ ಅಕ್ಷರ ಶೈಲಿಯನ್ನು ಅಳವಡಿಸಿಕೊಂಡ ಗಣಕದಲ್ಲಿ ನೋಡುವ ಕಣ್ಣಿಗೆ ಇದು ಅಚ್ಚುಕಟ್ಟಾದ ಕನ್ನಡ. ಪರದೆ ಓದುವ ತಂತ್ರಾಂಶಕ್ಕೆ ಇದು ಪಿ, ಎ, ಪೌಂಡ್. ಅದು ಅರ್ಥವಿಲ್ಲದ ಶಬ್ದಗಳನ್ನು ಉಚ್ಚರಿಸುತ್ತದೆ ಅಥವಾ ಸುಮ್ಮನಾಗುತ್ತದೆ.

ಯೂನಿಕೋಡ್ ವಿಧಾನದಲ್ಲಿ ಪ್ರಪಂಚದ ಪ್ರತಿಯೊಂದು ಲಿಪಿಯ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ಇರುತ್ತದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಇದರಲ್ಲಿ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರ ಶೈಲಿಯನ್ನು ಸೇರಿಸಿದ ಮೇಲೆ ಸಾಮಾನ್ಯ ಬಳಕೆದಾರರಿಗೂ ಇದು ಎಟುಕಿತು. ಯೂನಿಕೋಡ್‌ನಲ್ಲಿ 'ಕನ್ನಡ'ಕ್ಕೆ ಐದು ಸಂಕೇತಗಳು: ಕ, ನ, ವಿರಾಮ ಚಿಹ್ನೆ, ನ, ಡ. ಬ್ರೈಲ್‌ನ ಐದು ಮನೆಗಳಿಗೆ ಇದು ಬಹುಮಟ್ಟಿಗೆ ಸಮಾನವಾಗಿರುವುದು ಆಕಸ್ಮಿಕವಲ್ಲ. ಎರಡೂ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತವೆ. ಆದ್ದರಿಂದಲೇ ಯೂನಿಕೋಡ್ ಪಠ್ಯವನ್ನು ಯಂತ್ರವು ನೇರವಾಗಿ ಧ್ವನಿಯಾಗಿಯೂ ಬ್ರೈಲ್ ಆಗಿಯೂ ಪರಿವರ್ತಿಸಬಲ್ಲದು.

ಈ ಭೇದವು ಅರ್ಕಾವತ್ತಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರಾಮನಗರದ ಮೂಲಕ ಹರಿಯುವ ಅರ್ಕಾವತಿ ನದಿಯ ಹೆಸರನ್ನೇ ತೆಗೆದುಕೊಳ್ಳಬಹುದು. ಉಚ್ಚಾರಣೆಯಲ್ಲಿ ರಕಾರ ಮೊದಲು, ಕಕಾರ ನಂತರ. ಬರವಣಿಗೆಯಲ್ಲಿ 'ಕಾ' ಮೊದಲು ಬಂದು ಅರ್ಕಾವತ್ತು ಅದರ ಬಲಕ್ಕೆ ಕೂರುತ್ತದೆ. ಹಳೆಯ ಅಕ್ಷರ ಶೈಲಿಗಳು ಕಣ್ಣಿಗೆ ಕಂಡ ಕ್ರಮವನ್ನೇ ದಾಖಲಿಸುತ್ತವೆ. ಯೂನಿಕೋಡ್ ಮತ್ತು ಬ್ರೈಲ್ ಎರಡರಲ್ಲೂ ರಕಾರವೇ ಮುಂದೆ ಇರುತ್ತದೆ.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಲಭ್ಯವಿವೆ. ಅವುಗಳನ್ನು ಬಳಸಿದ ಮೇಲೆ ಒಮ್ಮೆ ಓದಿ ನೋಡುವುದು ಕಡ್ಡಾಯವೆಂದೇ ತಿಳಿಯಬೇಕು. ಹಳೆಯ ವಿಧಾನದಲ್ಲಿ ಇಂಗ್ಲಿಷಿನ ಪಿ ಮತ್ತು ಕನ್ನಡದ 'ಕ'ಕಾರದ ಒಡಲು ಎರಡಕ್ಕೂ ಒಂದೇ ಸಂಕೇತವಾದ್ದರಿಂದ, ಕಡತದ ನಡುವೆ ಬಂದಿರುವ ಇಂಗ್ಲಿಷ್ ಪದಗಳು ಪರಿವರ್ತನೆಯ ನಂತರ ಅರ್ಥವಿಲ್ಲದ ಕನ್ನಡವಾಗಿ ಬದಲಾಗುವ ಸಂಭವವಿರುತ್ತದೆ. ಮುದ್ರಿತ ಪುಸ್ತಕ ಮಾತ್ರವೇ ಇದ್ದಲ್ಲಿ ಪುಟಗಳ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ ನೆರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ಲಿಪಿಗಾಗಿಯೇ ರೂಪಿಸಲಾದ ಲಿಪಿ ಜ್ಞಾನಿ ಈ ಬಗೆಯದು.

ಕಾನೂನಿನ ಅವಕಾಶಗಳು

2016ರ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರ 31ನೇ ಪ್ರಕರಣದಂತೆ ಶೇ. 40ಕ್ಕೆ ಕಡಿಮೆಯಿಲ್ಲದ ವಿಕಲಚೇತನವುಳ್ಳ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಆಯ್ಕೆಯು ಮಗುವಿನದು, ಶಾಲೆಯದಲ್ಲ. 17ನೇ ಪ್ರಕರಣವು ಇಂತಹ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸಾಧನ ಸಲಕರಣೆಗಳನ್ನು ಉಚಿತವಾಗಿ ಒದಗಿಸಬೇಕೆಂದು ತಿಳಿಸುತ್ತದೆ. 42ನೇ ಪ್ರಕರಣದ ಮೇರೆಗೆ ಧ್ವನಿ, ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳಲ್ಲಿನ ವಿಷಯವು ಎಲ್ಲರೂ ಬಳಸಬಹುದಾದ ರೂಪದಲ್ಲಿರುವಂತೆ ಸರ್ಕಾರಗಳು ಕ್ರಮ ಕೈಗೊಳ್ಳಬೇಕಾಗಿರುತ್ತದೆ. ಶ್ರವಣದೋಷವುಳ್ಳವರಿಗಾಗಿ ದೃಶ್ಯ ಪಾಠಗಳಲ್ಲಿ ಸಂಜ್ಞಾ ಭಾಷೆ ಮತ್ತು ಅಡಿಬರಹ ಇರಬೇಕೆಂಬುದೂ ಇದೇ ಪ್ರಕರಣದಲ್ಲಿ ಬರುತ್ತದೆ.

ಸರ್ಕಾರಿ ಅಂತರಜಾಲ ತಾಣಗಳಿಗೆ ರಾಷ್ಟ್ರೀಯ ಮಾರ್ಗಸೂಚಿಯನ್ನು 2009ರಲ್ಲಿ ಮೊದಲು ಹೊರಡಿಸಲಾಯಿತು. 2018ರಲ್ಲಿ ಮತ್ತು 2023ರಲ್ಲಿ ಅದನ್ನು ಪರಿಷ್ಕರಿಸಲಾಗಿದೆ. 2017ರ ಜೂನ್‌ನಲ್ಲಿ ಪ್ರಕಟವಾದ ಕೇಂದ್ರ ನಿಯಮಗಳ 15ನೇ ನಿಯಮವು ಈ ಮಾರ್ಗಸೂಚಿಯನ್ನು ಉಲ್ಲೇಖಿಸಿ, ತಾಣಗಳಲ್ಲಿ ಹಾಕುವ ದಾಖಲೆಗಳು ಇ-ಪಬ್ ರೂಪದಲ್ಲಿ ಅಥವಾ ಅಕ್ಷರ ಗುರುತಿಸಲಾದ ಪಿ.ಡಿ.ಎಫ್. ರೂಪದಲ್ಲಿ ಇರಬೇಕೆಂದಿತು. ಆದರೆ ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪು ನೀಡಿ, ಸದರಿ ನಿಯಮವು ಕೇವಲ ಸಲಹೆಯ ರೂಪದಲ್ಲಿದ್ದು ಅಧಿನಿಯಮದ ಆಶಯಕ್ಕೆ ಹೊಂದುವುದಿಲ್ಲವೆಂದು ಹೇಳಿತು ಮತ್ತು ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪಿನಲ್ಲಿ, ಅಂತರಜಾಲದ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯವು ತಿಳಿಸಿದೆ.

ಪುಸ್ತಕವನ್ನು ಧ್ವನಿ ಅಥವಾ ಬ್ರೈಲ್ ರೂಪಕ್ಕೆ ತಂದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಾಗುವುದೆಂಬ ಆತಂಕ ಶಿಕ್ಷಕರಲ್ಲಿ ಇರುವುದುಂಟು. ಹಕ್ಕುಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ತಂದ ತಿದ್ದುಪಡಿಯು ವಿಕಲಚೇತನರ ಬಳಕೆಗಾಗಿ, ಲಾಭದ ಉದ್ದೇಶವಿಲ್ಲದೆ, ಇಂತಹ ಪ್ರತಿ ಸಿದ್ಧಪಡಿಸಲು ಅವಕಾಶ ನೀಡಿದೆ. ಈ ಬಗೆಯ ಪುಸ್ತಕಗಳನ್ನು ದೇಶಗಳ ನಡುವೆ ಹಂಚಿಕೊಳ್ಳಲು ಅನುವು ಮಾಡುವ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಹೀಗೆ ಸಿದ್ಧವಾದ ಪುಸ್ತಕಗಳ ಅಂತರಜಾಲ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯವು 2016ರ ಆಗಸ್ಟ್‌ನಲ್ಲಿ ಆರಂಭಗೊಂಡಿದ್ದು, ಮುದ್ರಿತ ಪಠ್ಯ ಓದಲಾಗದವರು ಸದಸ್ಯರಾಗಬಹುದಾಗಿದೆ.

ಪರೀಕ್ಷೆಗಳು

ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಲಿಪಿಕಾರರ ನೆರವು, ಹೆಚ್ಚುವರಿ ಸಮಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಗಳನ್ನು 17ನೇ ಪ್ರಕರಣವೇ ಹೆಸರಿಸಿದೆ. ಕೇಂದ್ರ ಸರ್ಕಾರದ 2018ರ ಆಗಸ್ಟ್ 29ರ ಮಾರ್ಗಸೂಚಿಯಂತೆ ಹೆಚ್ಚುವರಿ ಸಮಯವು ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇರಬಾರದು, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಇವು ಪರೀಕ್ಷೆಯ ದಿನದ ಸೌಲಭ್ಯಗಳು. ವರ್ಷವಿಡೀ ಪುಸ್ತಕವನ್ನು ತಾನೇ ಓದಲಾಗದೆ, ಅಕ್ಕ ಅಥವಾ ಸಹಪಾಠಿ ಬಿಡುವಾದಾಗ ಓದಿ ಹೇಳಿದ್ದನ್ನಷ್ಟೇ ಕೇಳಿ ಬಂದ ವಿದ್ಯಾರ್ಥಿನಿಗೆ ಆ ಒಂದು ಗಂಟೆಯಿಂದ ಹೆಚ್ಚೇನೂ ದೊರೆಯುವುದಿಲ್ಲ. ಭಾಷೆಯ ವಿನಾಯಿತಿಯನ್ನು ಪಡೆಯುವುದೂ ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟದ್ದು. ಓದಲು ಸಾಮಗ್ರಿ ಇಲ್ಲವೆಂಬ ಕಾರಣದಿಂದ ವಿನಾಯಿತಿ ಪಡೆಯಬೇಕಾಗಿ ಬಂದರೆ ಅದನ್ನು ಸೌಲಭ್ಯವೆನ್ನಲು ಬಾರದು.

ಶಾಲೆ ಮತ್ತು ಕಚೇರಿಗಳು ಗಮನಿಸಬೇಕಾದುದು

ಕನ್ನಡದ ಕಡತವೊಂದು ಓದಲು ಯೋಗ್ಯವಾಗಿದೆಯೇ ಎಂದು ತಿಳಿಯಲು ವಿಶೇಷ ಪರಿಣತಿ ಬೇಕಿಲ್ಲ. ಕಡತದಿಂದ ಒಂದು ಸಾಲನ್ನು ನಕಲು ಮಾಡಿ ಮೊಬೈಲ್‌ನ ಸಂದೇಶದಲ್ಲಿ ಅಂಟಿಸಿ ನೋಡಬೇಕು. ಅಲ್ಲಿಯೂ ಕನ್ನಡವೇ ಕಂಡರೆ ಅದು ಯೂನಿಕೋಡ್. ಇಂಗ್ಲಿಷ್ ಅಕ್ಷರ ಹಾಗೂ ವಿಚಿತ್ರ ಚಿಹ್ನೆಗಳು ಕಂಡರೆ ಹಳೆಯ ಅಕ್ಷರ ಶೈಲಿ. ಸಾಲನ್ನು ಆರಿಸಲೇ ಆಗದಿದ್ದರೆ ಅದು ಬರಿಯ ಚಿತ್ರ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದ್ದರೂ ಕೆಲವು ತಂತ್ರಾಂಶಗಳಲ್ಲಿ ಪಿ.ಡಿ.ಎಫ್. ಆಗಿ ಬದಲಿಸುವಾಗ ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದರಿಂದ, ಮೂಲ ಕಡತವನ್ನೂ ಜೊತೆಗೆ ನೀಡುವುದು ಸೂಕ್ತ.

ಗ್ರಾಮ ಮಟ್ಟದಲ್ಲಿ ಹೆಚ್ಚಾಗಿ ಕಂಡುಬರುವ ತೊಂದರೆ ಚಿತ್ರಗಳದು. ಸಹಿ, ಮೊಹರು ಹಾಕಿದ ಸುತ್ತೋಲೆಯ ಛಾಯಾಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಲಾಗುತ್ತದೆ. ವಿದ್ಯಾರ್ಥಿವೇತನದ ಕಡೆಯ ದಿನಾಂಕ ಅದರಲ್ಲಿಯೇ ಇರುತ್ತದೆ. ಪರದೆ ಓದುವ ತಂತ್ರಾಂಶವು ಅದನ್ನು ಚಿತ್ರ ಎಂದಷ್ಟೇ ಹೇಳಿ ಮುಂದೆ ಸಾಗುತ್ತದೆ. ಸುತ್ತೋಲೆಯ ಸಾರಾಂಶವನ್ನು ಎರಡು ಸಾಲುಗಳಲ್ಲಿ ಬೆರಳಚ್ಚು ಮಾಡಿ ಚಿತ್ರದ ಕೆಳಗೆ ಸೇರಿಸಿದರೆ ಈ ತೊಂದರೆ ನೀಗುತ್ತದೆ. ಇದಕ್ಕೆ ಯಾವುದೇ ಅನುದಾನದ ಅಗತ್ಯವಿಲ್ಲ.

ಅಂತರಜಾಲ ತಾಣ ರೂಪಿಸುವವರು ಪುಟದ ಭಾಷೆ ಕನ್ನಡವೆಂಬುದನ್ನು ಪುಟದ ಸಂಕೇತದಲ್ಲಿ ನಮೂದಿಸಬೇಕು. ಇಲ್ಲದಿದ್ದಲ್ಲಿ ತಂತ್ರಾಂಶವು ಇಂಗ್ಲಿಷ್ ಧ್ವನಿಯಲ್ಲಿ ಕನ್ನಡವನ್ನು ಓದಲು ಹೊರಡುತ್ತದೆ. ಚಿತ್ರ, ನಕ್ಷೆಗಳಿಗೆ ಪದಗಳಲ್ಲಿ ವಿವರಣೆ ಕೊಡಬೇಕು. ವಕ್ರವಾಗಿ ಬರೆದ ಅಕ್ಷರಗಳನ್ನು ನೋಡಿ ತುಂಬಿಸಬೇಕಾದ ಪರಿಶೀಲನಾ ಚಿತ್ರಕ್ಕೆ ಧ್ವನಿಯ ಪರ್ಯಾಯವಿಲ್ಲದಿದ್ದರೆ, ಉಳಿದೆಲ್ಲ ಸರಿಯಾಗಿದ್ದರೂ ಅರ್ಜಿಯು ಅಲ್ಲಿಗೇ ನಿಲ್ಲುತ್ತದೆ.

ಸಂಪರ್ಕಿಸಬೇಕಾದವರು

2021ರ ಜೂನ್ 1ರಿಂದ ವಿಕಲಚೇತನ ಪ್ರಮಾಣಪತ್ರಗಳನ್ನು ಯು.ಡಿ.ಐ.ಡಿ. ತಾಣದ ಮೂಲಕವೇ ನೀಡಲಾಗುತ್ತಿದೆ. ಅರ್ಜಿ ಸಲ್ಲಿಸಲು ನೆರವು ಬೇಕಾದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಭೇಟಿ ಮಾಡಬಹುದು. ಶಾಲೆಗೆ ಸಂಬಂಧಿಸಿದ ಸೌಲಭ್ಯಗಳಿಗೆ ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೋರಬೇಕು. ಪಠ್ಯವು ಓದಬಹುದಾದ ರೂಪದಲ್ಲಿ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಬಹುದು, ಆನಂತರವೂ ಪರಿಹಾರ ದೊರೆಯದಿದ್ದರೆ ವಿಕಲಚೇತನ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರಿಗೆ ದೂರು ನೀಡಬಹುದು. ಮನವಿಯಲ್ಲಿ ಯಾವ ತರಗತಿಯ ಯಾವ ವಿಷಯದ ಪುಸ್ತಕ, ಕಡತವನ್ನು ಎಲ್ಲಿಂದ ಪಡೆಯಲಾಯಿತು, ಯಾವ ಪುಟದಲ್ಲಿ ಓದು ನಿಂತಿತು ಹಾಗೂ ಬಳಸಿದ ತಂತ್ರಾಂಶ ಯಾವುದು ಎಂಬ ವಿವರಗಳನ್ನು ದಿನಾಂಕದೊಂದಿಗೆ ನಮೂದಿಸತಕ್ಕದ್ದು.